ಕುರಿ ಮೇಯ್ದ ಪೈನ್ ಗಿಡ

ಗಿಡದ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ಮುರುಗೆಪ್ಪನವರಿಗೆ ಮೈ ಉರಿಯುತ್ತಿತ್ತು. ಉರಿದದ್ದನ್ನು ಮುಚ್ಚಿಟ್ಟುಕೊಳ್ಳುವ ಪೈಕಿಯೂ ಅವರಲ್ಲ. ಮೂವತ್ನಾಲ್ಕು ವರ್ಷ ವಿಜಯಪುರದ ಕಡೆಯ ಸರಕಾರಿ ನರ್ಸರಿಗಳಲ್ಲಿ ತೋಟಗಾರಿಕೆ ಸಹಾಯಕರಾಗಿ ದುಡಿದು, ಲಕ್ಷಗಟ್ಟಲೆ ನಿಂಬೆ ಸಸಿ ಎಬ್ಬಿಸಿ, ದಾಳಿಂಬೆಯ ಕೊಂಬೆಗೆ ಗೂಟಿ ಕಟ್ಟಿ ಬೇರು ಬರಿಸಿ, ಹಾರ ಹಾಕಿಸಿಕೊಂಡು ನಿವೃತ್ತರಾದ ಮನುಷ್ಯ. ಅವರು ಒಣ ಕಡ್ಡಿ ನೆಟ್ಟರೂ ಚಿಗುರುತ್ತದೆ ಎಂದು ಊರಿನವರು ಹೇಳುತ್ತಿದ್ದರು. ಊರಿನವರು ಹೇಳುವುದನ್ನು ಮರೆತ ದಿನ ಅವರೇ ಹೇಳುತ್ತಿದ್ದರು.

ಇಂಥವರು 2020ರ ಜನವರಿ ಕೊನೆಗೆ ಹೆಂಡತಿ ಕಾಶಮ್ಮನವರೊಂದಿಗೆ ಆಮ್‌ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್‌ನಲ್ಲಿದ್ದ ಮಗಳ ಮನೆಗೆ ಎರಡು ತಿಂಗಳಿಗೆಂದು ಬಂದು ಸಿಕ್ಕಿಹಾಕಿಕೊಂಡರು. ಮಾರ್ಚ್ ಕೊನೆಯ ವಾಪಸ್ ಟಿಕೆಟ್ಟು ಕೊರೊನಾ ಪಾಲಾಯಿತು. ಮಗಳು ವಾಣಿಶ್ರೀ ಜೈಡಾಸ್ ಎಂಬ ಕಚೇರಿಗಳ ಬಡಾವಣೆಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಳು. ಈಗ ಇಡೀ ಬ್ಯಾಂಕು ಊಟದ ಮೇಜಿನ ಮೇಲೆ ಬಂದು ಕೂತಿತ್ತು. ಅಳಿಯ ಶಿವಪ್ರಸಾದ್ ಮೈಸೂರಿನವನು, ಇಂಜಿನಿಯರು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ದಿನವಿಡೀ ಕಂಪ್ಯೂಟರಿನೊಂದಿಗೆ ಮಾತಾಡುತ್ತಿದ್ದ. ಆ ಪುಟ್ಟ ಮನೆಯಲ್ಲಿ ಮುರುಗೆಪ್ಪನವರು ಎಲ್ಲಿ ಕೂತರೂ ಯಾರದೋ ಮೀಟಿಂಗಿನಲ್ಲಿ ಅವರ ಬನಿಯನ್ನು ಕಾಣಿಸುತ್ತಿತ್ತು. ಹಾಗಾಗಿ ಅವರು ಬಹಳ ಹೊತ್ತು ಕೆಳಗಿನ ಮನೆಯ ಹಿತ್ತಲಲ್ಲೇ ಕಳೆಯುತ್ತಿದ್ದರು.

ಕೆಳಗಿನ ಮನೆ ಬಾಸ್ಟಿಯಾನ್ ಎಂಬ ಎಂಬತ್ತೊಂದು ವರ್ಷದ ಡಚ್ ಮುದುಕರದು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿತ್ತಲ ತುಂಬ ಬೋನ್ಸಾಯ್ ಕುಂಡಗಳು. ಮೊದಲ ದಿನ ಅವನ್ನು ನೋಡಿದಾಗ ಮುರುಗೆಪ್ಪನವರು ಲೊಚಗುಟ್ಟಿದರು. ಅರವತ್ತು ವರ್ಷದ ಮರವನ್ನು ಮೊಣಕಾಲೆತ್ತರಕ್ಕೆ ಇಟ್ಟವರಿಗೆ ತಮ್ಮ ಇಲಾಖೆಯಲ್ಲಾದರೆ ಮೆಮೋ ಕೊಡುತ್ತಿದ್ದರು ಎಂದು ಮುಖಕ್ಕೇ ಹೇಳಿಬಿಟ್ಟರು. ಮುದುಕರು ಬೇಸರ ಮಾಡಿಕೊಳ್ಳದೆ ಒಳಗೆ ಹೋಗಿ ಎರಡು ಕಪ್ ಕಾಫಿ, ಒಂದೊಂದೇ ಬಿಸ್ಕತ್ತು ತಂದು ಇಟ್ಟರು. ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡಿದರು. ಒಬ್ಬರದು ಇಲಾಖೆಯ ಇಂಗ್ಲಿಷು, ಇನ್ನೊಬ್ಬರದು ಡಚ್ ಇಂಗ್ಲಿಷು, ಎರಡೂ ಒಂದೇ ವೇಗದಲ್ಲಿ ತಡವರಿಸುತ್ತಿದ್ದವು. ಫೆಬ್ರವರಿ ಮುಗಿಯುವಷ್ಟರಲ್ಲಿ ಮುರುಗೆಪ್ಪನವರು ದಿನಾ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಹಾಜರಿ ಹಾಕುತ್ತಿದ್ದರು.

“ಒಂದ ಬಿಸ್ಕೀಟು ಕೊಟ್ಟು ಡಬ್ಬಿ ಮುಚ್ಚತಾರಂತ. ಎಂಥಾ ಮಂದಿನೋ ಏನೋ,” ಎಂದು ಕಾಶಮ್ಮ ಮೂಗು ಮುರಿದರೂ, ಮಧ್ಯಾಹ್ನಕ್ಕೆ ಎರಡು ಚಪಾತಿ, ಶೇಂಗಾ ಚಟ್ನಿ ಕೆಳಗೆ ಕಳಿಸುವುದನ್ನು ತಪ್ಪಿಸಲಿಲ್ಲ. ಬಾಸ್ಟಿಯಾನ್ ಎಂಬ ಹೆಸರು ಆಕೆಯ ನಾಲಿಗೆಗೆ ಹೊರಳಲಿಲ್ಲ. ಎರಡನೆಯ ವಾರಕ್ಕೇ ಅವರು ಬಸಣ್ಣ ಆದರು. ಆಮೇಲೆ ಮುರುಗೆಪ್ಪನವರೂ ಹಾಗೇ ಕರೆಯತೊಡಗಿದರು, ಮುದುಕರೂ ಅದಕ್ಕೆ ಓಗೊಡುತ್ತಿದ್ದರು.

ಬಸಣ್ಣ ಒಂದು ದಿನ ಫೋಟೋ ಒಂದನ್ನು ತೋರಿಸಿದರು. ಹಿಲ್ವರ್ಸಮ್ ಕಡೆ ಇಲ್ಲಿಯವರು ಹೈಡೆ ಎಂದು ಕರೆಯುವ ಬಯಲುಂಟು. ಮರಳು ನೆಲ, ಮೊಣಕಾಲೆತ್ತರದ ಕುರುಚಲು ಪೊದೆ, ಮೇಯುವ ಕುರಿ ಹಿಂಡು. ಅಲ್ಲಿ ತಾವಾಗಿಯೇ ಹುಟ್ಟುವ ಪೈನ್ ಸಸಿಗಳನ್ನು ಬಿಟ್ಟರೆ ಬಯಲು ಕಾಡಾಗಿಬಿಡುತ್ತದೆಂದು ಅರಣ್ಯದವರೇ ಕೀಳಿಸುತ್ತಾರೆ. ಹೇಗೋ ಕಣ್ತಪ್ಪಿಸಿ ಉಳಿದ ಒಂದು ಗಿಡವನ್ನು ಬಸಣ್ಣ ಹನ್ನೊಂದು ವರ್ಷದ ಹಿಂದೆ ಕಂಡಿದ್ದರು. ಪ್ರತಿ ವರ್ಷ ಕುರಿಗಳು ಅದರ ತುದಿ ಮೇಯುತ್ತವೆ, ಪ್ರತಿ ವರ್ಷ ಅದು ಮತ್ತೆ ಬದಿಗೆ ಚಿಗುರುತ್ತದೆ. ವಯಸ್ಸು ನಲವತ್ತರ ಹತ್ತಿರ, ಎತ್ತರ ಮಾತ್ರ ಸೊಂಟದವರೆಗೂ ಇಲ್ಲ. ಬೊಡ್ಡೆ ಮುಂಗೈ ದಪ್ಪ, ತೊಗಟೆ ಬಿರುಕುಬಿಟ್ಟು ಮೊಸಳೆ ಬೆನ್ನಿನ ಹಾಗೆ. ಯಾವ ಮನುಷ್ಯನ ಕತ್ತರಿಯೂ ಮಾಡಲಾಗದ ಕೆಲಸವನ್ನು ಕುರಿಗಳು ಮಾಡಿಟ್ಟಿದ್ದವು.

ಅದನ್ನು ಎತ್ತಲು ಬಸಣ್ಣ ವರ್ಷಾನುಗಟ್ಟಲೆ ಪತ್ರ ಬರೆದು ಒಪ್ಪಿಗೆ ಪಡೆದಿದ್ದರು. ಒಮ್ಮೆಲೇ ಕಿತ್ತರೆ ಸಾಯುತ್ತದೆಂದು, ಎರಡು ವಸಂತದ ಹಿಂದೆ ಒಂದು ಬದಿಯ ಬೇರು ಕಡಿದು ಮಣ್ಣು ಮುಚ್ಚಿ ಬಂದಿದ್ದರು, ಹೋದ ವರ್ಷ ಇನ್ನೊಂದು ಬದಿ. ಬೊಡ್ಡೆಯ ಹತ್ತಿರ ಸಣ್ಣ ಬೇರು ಕೂಡಿಕೊಳ್ಳಲಿ ಎಂದು. ಈ ವರ್ಷ ಏಪ್ರಿಲ್ ಹತ್ತರೊಳಗೆ ಎತ್ತಬೇಕು. ಆಮೇಲೆ ಹಕ್ಕಿ ಗೂಡು ಕಟ್ಟುವ ಕಾಲ, ದಾರಿ ಬಿಟ್ಟು ಯಾರೂ ಕಾಲಿಡುವಂತಿಲ್ಲ. ಆ ಕಾಲ ಮುಗಿದ ಕೂಡಲೇ ಯಂತ್ರ ಬಂದು ಆ ಭಾಗವನ್ನೆಲ್ಲ ಕೆರೆದು ಹಾಕುವುದಿತ್ತು. “ಇದು ನನ್ನ ಕೊನೆಯ ಮರ. ಇದಾದ ಮೇಲೆ ಗುದ್ದಲಿ ಮುಟ್ಟುವುದಿಲ್ಲ,” ಎಂದಿದ್ದರು ಬಸಣ್ಣ.

ಮಾರ್ಚ್ ಮೊದಲ ವಾರ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಿಂದ ನಾಲ್ಕು ಬೀದಿ ಆಚೆಯ ಆರೈಕೆ ಮನೆಗೆ ಸಾಗಿಸಿದರು. ಇಪ್ಪತ್ತನೆಯ ತಾರೀಖಿಗೆ ದೇಶದ ಅಂಥ ಮನೆಗಳ ಬಾಗಿಲೆಲ್ಲ ಹೊರಗಿನವರಿಗೆ ಮುಚ್ಚಿದವು.

ಅಲ್ಲಿಂದ ಫೋನು ಬಂತು. “ಮುರುಗೆಪ್ಪ, ನನ್ನ ಗಿಡ ಎತ್ತಿ ತರುತ್ತೀರಾ? ಮಣ್ಣು ಗೊತ್ತಿರುವ ಕೈ ನನಗೆ ಪರಿಚಯ ಇರುವುದು ನಿಮ್ಮದೊಂದೇ.”

ಮುರುಗೆಪ್ಪನವರ ಎದೆ ಉಬ್ಬಿತು. ನಿವೃತ್ತರಾಗಿ ಎಂಟು ವರ್ಷದಲ್ಲಿ ಯಾರೂ ಅವರನ್ನು ಒಂದು ಕೆಲಸ ಕೇಳಿರಲಿಲ್ಲ. “ಅದನ್ನು ಕೇಳಬೇಕೇ? ತರುತ್ತೇನೆ.”

“ಪೈನ್ ಗಿಡದ ಬೇರಿನ ಬಗ್ಗೆ ಒಂದು ಮಾತು,” ಎಂದು ಬಸಣ್ಣ ಶುರುಮಾಡಿದರು.

“ನೀವು ಆರಾಮ ಮಾಡಿ,” ಎಂದು ಮುರುಗೆಪ್ಪನವರು ನಡುವೆಯೇ ತಡೆದರು. “ಮೂವತ್ನಾಲ್ಕು ವರ್ಷದ ಸರ್ವಿಸು ನನ್ನದು. ಬೇರಿನ ವಿಷಯ ನನಗೆ ಬಿಟ್ಟುಬಿಡಿ.”

“ಸರಿ,” ಎಂದರು ಬಸಣ್ಣ. ಅಲ್ಲಿಗೆ ಆ ಮಾತು ನಿಂತಿತು.

ಅನುಮತಿ ಪತ್ರವನ್ನು ಬಸಣ್ಣನ ಮೇಜಿನ ಮೇಲಿಂದ ತಂದು ಶಿವಪ್ರಸಾದ್ ಓದಿ ಹೇಳಿದ. ಮನೆಯ ಕೀಲಿ ಅವನ ಹತ್ತಿರವೇ ಇತ್ತು. ಒಂದು ಪೈನ್ ಗಿಡ, ಬೇರಿಗಂಟಿದ ಮಣ್ಣಿನ ಸಮೇತ. ಗುಂಡಿ ಮುಚ್ಚತಕ್ಕದ್ದು. ಬೇರೆ ಮಣ್ಣು, ಪಾಚಿ, ಪೊದೆ ಏನನ್ನೂ ಒಯ್ಯತಕ್ಕದ್ದಲ್ಲ. ಒಂದು ಗಿಡಕ್ಕೆ ಎರಡು ಪುಟದ ಆರ್ಡರ್ ಕಾಪಿ. ಮುರುಗೆಪ್ಪನವರಿಗೆ ಈ ದೇಶದ ಮೇಲೆ ಗೌರವ ಬಂದದ್ದೇ ಆವತ್ತು.

ಏಪ್ರಿಲ್ ನಾಲ್ಕು, ಶನಿವಾರ. ಮಾವ ಅಳಿಯ ಇಬ್ಬರೂ ಕಾರಿನಲ್ಲಿ ಹೊರಟರು. ಬಿಸಿಲು ಬಿದ್ದಿತ್ತು, ರಸ್ತೆ ಖಾಲಿ. ಬಸಣ್ಣ ಕೈಯಲ್ಲಿ ಬರೆದಿದ್ದ ನಕ್ಷೆ ಹಿಡಿದು ಬಯಲಲ್ಲಿ ಅರ್ಧ ಗಂಟೆ ನಡೆದ ಮೇಲೆ ಗಿಡ ಸಿಕ್ಕಿತು. ಫೋಟೋದಲ್ಲಿ ಕಂಡದ್ದಕ್ಕಿಂತ ಚೆಂದವಾಗಿತ್ತು. ಮುರುಗೆಪ್ಪನವರು ಅದರ ಸುತ್ತ ಎರಡು ಸಲ ತಿರುಗಿ, ಚಪ್ಪಲಿ ಕಳಚಿಟ್ಟರು.

“ಮಾವ, ಚಳಿ ಇದೆ. ಶೂಸ್ ಹಾಕ್ಕೊಂಡೇ ಬಂದಿದ್ರೆ ಆಗ್ತಿತ್ತು. ಈಗ ಚಪ್ಪಲೀನೂ ತೆಗೆದುಬಿಟ್ರಲ್ಲ,” ಎಂದ ಶಿವಪ್ರಸಾದ್.

“ಗುದ್ದಲಿ ಹಿಡಿದಾಗ ಕಾಲಿಗೆ ಮಣ್ಣು ಹತ್ತಬೇಕ್ರಿ ಅಳಿಯಾರ. ಇಲ್ಲಂದ್ರ ಎಷ್ಟು ಆಳ ಹೋತಂತ ಗೊತ್ತಾಗೂದಿಲ್ಲ.”

ಮೂರು ತಾಸು ಹಿಡಿಯಿತು. ಬಸಣ್ಣ ಕಡಿದಿದ್ದ ಗೆರೆಯ ಮೇಲೆಯೇ ಸುತ್ತ ಅಗೆದು, ಅಡಿಯ ತಾಯಿಬೇರನ್ನು ಗರಗಸದಿಂದ ಕೊಯ್ದು, ಇಬ್ಬರೂ ಸೇರಿ ಎತ್ತಿ ಗೋಣಿಚೀಲದಲ್ಲಿ ಕಟ್ಟಿದರು. ಒಂದು ಸಣ್ಣ ಬೇರೂ ಅಲುಗಲಿಲ್ಲ. ಅಂಥ ಅಗೆತ ನೋಡಿದರೆ ಯಾವ ಸಾಹೇಬನೂ ಭೇಷ್ ಎನ್ನಬೇಕು. ಗುಂಡಿ ಮುಚ್ಚಿ, ಮೇಲೆ ಒಣ ಎಲೆ ಹರಡಿ, ಬಂದ ಗುರುತೇ ಸಿಗದ ಹಾಗೆ ಮಾಡಿ ಬಂದರು.

ತಪ್ಪು ನಡೆದದ್ದು ಬಸಣ್ಣನ ಹಿತ್ತಲಲ್ಲಿ. ಗೋಣಿ ಬಿಚ್ಚಿದಾಗ ಒಂದು ಬದಿಯ ಮಣ್ಣು ಉದುರಿ ಬೇರು ಕಾಣಿಸಿತು. ಬೇರಿನ ತುಂಬ ಬಿಳಿ ಬೂಷ್ಟು. ನೂಲು ನೂಲಾಗಿ, ಅರಳೆಯ ಎಳೆಯ ಹಾಗೆ, ಮಣ್ಣನ್ನೂ ಬೇರನ್ನೂ ಹೆಣೆದುಕೊಂಡು ಕೂತಿತ್ತು.

ಮುರುಗೆಪ್ಪನವರ ಜೀವ ಝಲ್ಲೆಂದಿತು. ಅದಕ್ಕೆ ಕಾರಣವಿತ್ತು. ಸರ್ವಿಸಿನ ಹನ್ನೆರಡನೆಯ ವರ್ಷ ಅವರ ಕೈಕೆಳಗೆ ಒಂಬತ್ತು ಸಾವಿರ ನಿಂಬೆ ಸಸಿ ಬೇರು ಕೊಳೆತು ಸತ್ತಿದ್ದವು. ಮೊದಲು ಕಂಡದ್ದು ಇಂಥದೇ ಬಿಳಿ ಎಳೆ. ನಾಳೆ ನೋಡೋಣ ಎಂದು ಬಿಟ್ಟಿದ್ದರು. ಎರಡು ವಾರದಲ್ಲಿ ಸಾಲು ಸಾಲೇ ಬಾಡಿ, ಎಲ್ಲವನ್ನೂ ರಾಶಿ ಹಾಕಿ ಸುಡಬೇಕಾಯಿತು. ಅವತ್ತಿನಿಂದ ಅವರ ನರ್ಸರಿಯಲ್ಲಿ ಬೇರಿನ ಮೇಲೆ ಬಿಳಿ ಕಂಡರೆ ಕೂಡಲೇ ತೊಳೆ, ಔಷಧದಲ್ಲಿ ಅದ್ದು; ಎರಡನೆಯ ಮಾತಿಲ್ಲ. ಆ ಶಿಸ್ತಿನಿಂದಲೇ ಮುಂದಿನ ಇಪ್ಪತ್ತೆರಡು ವರ್ಷ ಒಂದು ಸಾಲೂ ಸಾಯಲಿಲ್ಲ.

“ಕಾಶಿ, ಅರಿಷಿಣದ ಡಬ್ಬಿ ತಗೊಂಡು ಬಾ,” ಎಂದು ಕೆಳಗಿನಿಂದಲೇ ಕೂಗಿದರು. ಔಷಧದ ಅಂಗಡಿಗೆ ಹೋಗೋಣವೆಂದರೆ ಎಲ್ಲಿ ಏನು ಸಿಗುತ್ತದೋ ಗೊತ್ತಿಲ್ಲ.

ಕಾಶಮ್ಮ ಡಬ್ಬಿಯನ್ನು ಎದೆಗವಚಿಕೊಂಡೇ ಬಂದರು. “ಊರಿಂದ ತಂದಿದ್ದು ಇಷ್ಟ ಉಳದೈತಿ. ಸಾರಿಗೆ ಏನ ಹಾಕಲಿ ನಾಳಿಗೆ?”

“ಗಿಡದ ಜೀವ ಹೊಂಟೈತಿ, ನಿಂಗ ಸಾರಿಂದು ಚಿಂತಿ.”

ಬಸಣ್ಣನ ರಬ್ಬರ್ ಪೈಪು ಹಿಡಿದು ಎರಡು ತಾಸು ತೊಳೆದರು. ಒಂದು ಬಿಳಿ ಎಳೆಯೂ ಉಳಿಯದಂತೆ, ಬೆರಳಿನಿಂದ ಒಂದೊಂದೇ ಬೇರು ನೇವರಿಸಿ ತೊಳೆದರು. ಹಳೆಯ ಮಣ್ಣೆಲ್ಲ ಚರಂಡಿ ಸೇರಿತು. ಆಮೇಲೆ ಅರ್ಧ ಡಬ್ಬಿ ಅರಿಶಿನ ಕಲಸಿದ ಬಕೀಟಿನಲ್ಲಿ ಬೇರು ಅದ್ದಿಟ್ಟರು. ಮೇಲೆತ್ತಿದಾಗ ಬೇರು ಮದುಮಗಳ ಕಾಲಿನಷ್ಟು ಹಳದಿಯಾಗಿತ್ತು. ಬಸಣ್ಣ ಮೊದಲೇ ಮಾಡಿಟ್ಟಿದ್ದ ಮರದ ಪೆಟ್ಟಿಗೆಯಲ್ಲಿ, ಅವರೇ ತಂದಿಟ್ಟಿದ್ದ ಹಗುರ ಕಲ್ಲಿನ ಹರಳು ತುಂಬಿ ನೆಟ್ಟು, ತಂತಿಯಿಂದ ಬಿಗಿದರು. ಸಂಜೆ ಪೆಟ್ಟಿಗೆಯ ಫೋಟೋ ಕಳಿಸಿ, ಬೆನ್ನು ನೀವಿಕೊಂಡು, ಬಹಳ ದಿನಗಳ ಮೇಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಸಣ್ಣನ ಫೋನು. ದನಿ ಹರೆಯದವರ ಹಾಗೆ ಇತ್ತು. “ಫೋಟೋ ಹತ್ತು ಸಲ ನೋಡಿದೆ. ನನ್ನಿಂದಲೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಒಂದೇ ಒಂದು ಕೇಳುತ್ತೇನೆ. ಬೇರಿನಲ್ಲಿ ಬಿಳಿ ನೂಲು ಇತ್ತಾ?”

“ಇತ್ತು,” ಎಂದರು ಮುರುಗೆಪ್ಪನವರು. ತೊಳೆದದ್ದನ್ನು ಹೆಮ್ಮೆಯಿಂದ ಹೇಳಲು ಬಾಯಿ ತೆರೆದಿದ್ದರು.

“ದೇವರು ದೊಡ್ಡವನು,” ಎಂದರು ಬಸಣ್ಣ. “ಪೈನ್ ಗಿಡ ಬದುಕುವುದೇ ಅದರಿಂದ. ಆ ಬಿಳಿ ಬೂಷ್ಟೇ ಮಣ್ಣಿನಿಂದ ನೀರು, ಸಾರ ಎಳೆದು ಬೇರಿಗೆ ಉಣಿಸುವುದು. ಅದಿಲ್ಲದ ಪೈನು ತಾಯಿಯಿಲ್ಲದ ಕೂಸು. ಅದಕ್ಕೇ ಹಳೆಯ ಮಣ್ಣು ಮುಟ್ಟಬಾರದು ಅನ್ನುವುದು. ನಿಮಗೆ ಗೊತ್ತಿತ್ತು ಬಿಡಿ.”

ಹೇಳಲು ಹೊರಟದ್ದನ್ನು ಮುರುಗೆಪ್ಪನವರು ನುಂಗಿಕೊಂಡರು. “ಹೌದು,” ಎಂದಷ್ಟೇ ಹೇಳಿ ಫೋನಿಟ್ಟರು.

ಅದು ಹೇಗೆ ಆ ಹೌದು ಬಾಯಿಂದ ಬಂತೋ ಅವರಿಗೇ ತಿಳಿಯಲಿಲ್ಲ. ವಾಣಿಶ್ರೀಯನ್ನು ಭಾನುವಾರದ ನಿದ್ದೆಯಿಂದ ಎಬ್ಬಿಸಿ ಕಂಪ್ಯೂಟರಿನಲ್ಲಿ ಓದಿಸಿದರು. ಅವಳು ಓದುತ್ತ ಹೋದಂತೆ ಅವರ ಮುಖ ಸಪ್ಪಗಾಗುತ್ತ ಹೋಯಿತು. ನಿಂಬೆಗೆ ಯಮನಾದದ್ದು ಪೈನಿಗೆ ಅನ್ನದಾತ. ಎರಡೂ ಬಿಳಿ, ಎರಡೂ ನೂಲು. ನೋಡಿದ ಕಣ್ಣು ಒಂದೇ.

“ಇನ್ನೇನಾದ್ರೂ ಮಾಡಬಹುದೇನವಾ?”

“ಅಪ್ಪಾ, ಗಿಡ ಇದ್ದ ಜಾಗದ ಮಣ್ಣು ತಂದು ಬೇರಿನ ಸುತ್ತ ಹಾಕಿದ್ರ ಮತ್ತ ಹತ್ತಕೋಬಹುದು ಅಂತ ಬರದಾರ. ಖಾತ್ರಿ ಇಲ್ಲ. ಆದಷ್ಟು ಲಗೂ ಮಾಡಬೇಕಂತ.”

ಶಿವಪ್ರಸಾದ್ ಕೀಲಿಗೊಂಚಲು ಎತ್ತಿಕೊಂಡೇ ಬಂದ. “ಮಾವ, ಈಗ್ಲೇ ಹೋಗಿ ಒಂದು ಬಕೆಟ್ ತಂದುಬಿಡೋಣ. ಯಾರ್ ನೋಡ್ತಾರೆ ಅಲ್ಲಿ? ಎಲ್ಲಾ ಲಾಕ್‌ಡೌನಲ್ಲಿ ಇದಾರೆ.”

ಮುರುಗೆಪ್ಪನವರು ಎದ್ದು ಚಪ್ಪಲಿ ಮೆಟ್ಟಿದರು, ಬಾಗಿಲವರೆಗೂ ಹೋದರು. ಆಮೇಲೆ ವಾಪಸು ಬಂದು ಕುರ್ಚಿಯಲ್ಲಿ ಕುಸಿದರು. “ಬ್ಯಾಡ್ರಿ. ಆರ್ಡರಿನಾಗ ಬರದಾರ, ಮಣ್ಣು ಒಯ್ಯಂಗಿಲ್ಲಂತ. ಸರ್ವಿಸಿನಾಗ ಒಂದ ಸಸಿ ಮನಿಗೆ ಒಯ್ದಾವ ಅಲ್ಲ ನಾ. ನಾಳೆ ಏನರ ಆದ್ರ ಹೆಸರು ಯಾರದು? ಪತ್ರ ಬಸಣ್ಣಂದು.”

ಹಾಗಾದರೆ ಅರಣ್ಯದವರನ್ನೇ ಕೇಳಬೇಕು. ಪತ್ರ ಕೊಟ್ಟ ಅಧಿಕಾರಿ ಹೆಣ್ಣುಮಗಳ ಫೋನ್ ನಂಬರು ಇರುವುದು ಬಸಣ್ಣನ ಹತ್ತಿರ. ಗಡುವಿಗೆ ಉಳಿದದ್ದು ಐದು ದಿನ. ಬಸಣ್ಣನಿಗೆ ಹೇಳದೆ ದಾರಿಯಿಲ್ಲ. ಹೇಳಿದರೆ, ಮಣ್ಣು ಗೊತ್ತಿರುವ ಕೈ ಎಂದು ನಂಬಿದವರ ಮುಂದೆ ಈ ಕೈ ಏನು ಮಾಡಿತು ಎಂಬುದನ್ನೂ ಹೇಳಬೇಕು. ಅದರ ಮೇಲೆ ಆ ಹೌದು ಬೇರೆ.

ಆ ಇಡೀ ದಿನ ಅವರು ಕಿಟಕಿಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಕಿಟಕಿಗೆ ತಿರುಗಿದರು. ಕೆಳಗೆ ಪೆಟ್ಟಿಗೆಯಲ್ಲಿ ಗಿಡ ಹಸಿರಾಗಿ, ಏನೂ ಆಗದಂತೆ ನಿಂತಿತ್ತು. ಸೋಮವಾರ ಬೆಳಿಗ್ಗೆ ಚಹಾದ ಲೋಟ ಮುಂದಿಟ್ಟು ಕಾಶಮ್ಮ ಎದುರಿಗೇ ಕೂತರು.

“ಎಷ್ಟು ಹೊತ್ತು ಹಿಂಗ ತಿರಗವರು?”

“ಏನಂತ ಹೇಳಲಿ? ಬಾಯಿ ಬರವಲ್ದು.”

“ಸಾಯಾಕತ್ತಿದ್ದು ಅವರ ಗಿಡ, ನಿಮ್ಮ ಮರ್ಯಾದಿ ಅಲ್ಲ. ಅದಕ್ಕ ಮೊದಲು ಮಣ್ಣು ಹಾಕ್ರಿ. ಮರ್ಯಾದಿ ಆಮ್ಯಾಲ ನೋಡೂಣು,” ಎಂದರು ಕಾಶಮ್ಮ. “ಅರಿಷಿಣ ಕೊಟ್ಟಾಕಿ ನಾ. ನಾನೂ ಬರ್ತೀನಿ ನಡೀರಿ.”

ಆರೈಕೆ ಮನೆಯಲ್ಲಿ ಬಸಣ್ಣನ ಕೋಣೆ ನೆಲದ ಮಟ್ಟದಲ್ಲೇ ಇತ್ತು, ಕಿಟಕಿ ತೋಟಕ್ಕೆ ತೆರೆದಿತ್ತು. ಬಂದವರು ಹೂವಿನ ಪಾತಿಯ ಅಂಚಿನಲ್ಲಿ ನಿಂತು ಗಾಜಿನಾಚೆಯವರ ಜೊತೆ ಫೋನಿನಲ್ಲಿ ಮಾತಾಡಬೇಕು. ಅಕ್ಕಪಕ್ಕದ ಕಿಟಕಿಗಳ ಮುಂದೆಯೂ ಹಾಗೇ ಮಕ್ಕಳು, ಮೊಮ್ಮಕ್ಕಳು ನಿಂತಿದ್ದರು. ಬಸಣ್ಣ ಗಾಲಿ ಕುರ್ಚಿಯಲ್ಲಿ ಕೂತಿದ್ದರು. ಒಂದು ತಿಂಗಳಿಗೇ ಇಳಿದುಹೋಗಿದ್ದರು. ಇವರನ್ನು ಕಂಡು ಕೈಯೆತ್ತಿ, ಕಾಶಮ್ಮನ ಖಾಲಿ ಕೈ ನೋಡಿ ಚಪಾತಿ ಎಲ್ಲಿ ಎಂಬಂತೆ ಸನ್ನೆ ಮಾಡಿ ನಕ್ಕರು.

ಮುರುಗೆಪ್ಪನವರು ಫೋನನ್ನು ಎರಡೂ ಕೈಯಲ್ಲಿ ಹಿಡಿದರು. “ಬಸಣ್ಣ, ನಿನ್ನೆ ನಾನು ಸುಳ್ಳು ಹೇಳಿದೆ. ಬಿಳಿ ನೂಲು ಇತ್ತು. ನಾನು ಅದನ್ನು ರೋಗವೆಂದು ತಿಳಿದು ತೊಳೆದೆ. ಅರಿಶಿನದ ನೀರಿನಲ್ಲಿ ಅದ್ದಿ ನೆಟ್ಟೆ. ನನಗೆ ಗೊತ್ತಿರಲಿಲ್ಲ.”

ಬಸಣ್ಣನ ನಗು ಹಾಗೇ ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು ಆಮೇಲೆ ಹೋಯಿತು. “ಎಲ್ಲಾ ತೊಳೆದಿರಾ?”

“ಎಲ್ಲಾ.”

“ಹಳೆಯ ಮಣ್ಣು?”

“ಚರಂಡಿಗೆ ಹೋಯಿತು. ಇದ್ದ ಜಾಗದ ಮಣ್ಣು ಒಂದು ಬಕೀಟು ತಂದು ಹಾಕಿದರೆ ಬದುಕಬಹುದಂತೆ. ಪತ್ರದಲ್ಲಿ ಅದಕ್ಕೆ ಒಪ್ಪಿಗೆಯಿಲ್ಲ. ನೀವು ಅರಣ್ಯದವರನ್ನು ಒಂದು ಮಾತು ಕೇಳಿದರೆ…”

“ಹನ್ನೊಂದು ವರ್ಷ,” ಎಂದರು ಬಸಣ್ಣ. ಗಟ್ಟಿಯಾಗಿ ಅಲ್ಲ. ಫೋನನ್ನು ತೊಡೆಯ ಮೇಲಿಟ್ಟು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಕುರ್ಚಿಯ ಗಾಲಿ ತಿರುಗಿಸಿ, ಕೈ ಚಾಚಿ, ಪರದೆ ಎಳೆದರು.

ಪಾತಿಯ ಅಂಚಿನಲ್ಲಿ ಮುರುಗೆಪ್ಪನವರು ಬಹಳ ಹೊತ್ತು ನಿಂತರು. ಕಣ್ಣು ತುಂಬಿ ಬಂತು. ಅಪ್ಪ ಸತ್ತಾಗ ಬಿಟ್ಟರೆ ಅವರ ಕಣ್ಣಲ್ಲಿ ನೀರು ನೋಡಿದ್ದು ಕಾಶಮ್ಮನಿಗೆ ನೆನಪಿರಲಿಲ್ಲ. ಆಕೆ ಸೆರಗಿನ ತುದಿ ಮುಂದೆ ಮಾಡಿದರು.

ಮನೆಗೆ ಬಂದು ಎರಡು ತಾಸಿಗೆ ಶಿವಪ್ರಸಾದನ ಫೋನಿಗೆ ಒಂದು ಕರೆ ಬಂತು. ಅರಣ್ಯದ ಹೆಣ್ಣುಮಗಳು. ಬಾಸ್ಟಿಯಾನ್ ಅವರು ಫೋನು ಮಾಡಿದ್ದರು, ಬುಧವಾರ ಬೆಳಿಗ್ಗೆ ಬನ್ನಿ, ನಾನೂ ಇರುತ್ತೇನೆ, ಒಂದೇ ಬಕೀಟು, ಎಂದಳು. ಪರದೆ ಎಳೆದುಕೊಂಡ ಮನುಷ್ಯ ಒಳಗೆ ಕೂತು ಮೊದಲು ಮಾಡಿದ್ದು ಆ ಕರೆ. ಮುರುಗೆಪ್ಪನವರಿಗೆ ಅದು ಬೈಗುಳಕ್ಕಿಂತ ಹೆಚ್ಚು ನಾಟಿತು.

ಬುಧವಾರ ಅದೇ ಗುಂಡಿಯ ಪಕ್ಕ ಮಂಡಿಯೂರಿ, ಕೈಯಿಂದಲೇ ಮಣ್ಣು ಬಗೆದು, ಬಿಳಿ ನೂಲು ಕಂಡ ಹೆಂಟೆಗಳನ್ನಷ್ಟೇ ಆರಿಸಿ ಬಕೀಟಿಗೆ ತುಂಬಿದರು. ಮೊನ್ನೆ ಕಂಡರೆ ಕೊಲ್ಲಬೇಕು ಅನಿಸಿದ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿ, ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತರು. ಪೆಟ್ಟಿಗೆಯ ಹರಳು ಮೆಲ್ಲನೆ ಸರಿಸಿ ಬೇರಿನ ಸುತ್ತ ಅದನ್ನು ಇಟ್ಟರು. ಇನ್ನು ಮಾಡುವಂಥದ್ದು ಏನೂ ಉಳಿದಿರಲಿಲ್ಲ.

ಮೇ ತಿಂಗಳಲ್ಲಿ ಗಿಡ ಚಿಗುರಿತು. ಮುರುಗೆಪ್ಪನವರು ಕುಣಿಯುವುದೊಂದು ಬಾಕಿ. ಜೂನಿನಲ್ಲಿ ಎಡಗಡೆಯ ದೊಡ್ಡ ಕೊಂಬೆ ಕೆಂಪಗಾಗಿ ಒಣಗಿತು. ಜುಲೈಯಲ್ಲಿ ಬಸಣ್ಣ ನಾಲ್ಕು ಕಾಲಿನ ಊರುಗೋಲು ಹಿಡಿದು ಮನೆಗೆ ಬಂದರು. ನೇರ ಹಿತ್ತಲಿಗೆ ಹೋಗಿ, ಒಣಗಿದ ಕೊಂಬೆ ಮುಟ್ಟಿ ನೋಡಿ, ಉಳಿದ ಹಸಿರನ್ನೂ ನೋಡಿದರು.

“ಈ ಚಿಗುರು ನಂಬಬೇಡಿ. ಹೋದ ವರ್ಷ ಕೂಡಿಟ್ಟ ಶಕ್ತಿ ಅದು. ಪೈನು ಸತ್ತರೂ ತಿಂಗಳುಗಟ್ಟಲೆ ಹಸಿರಾಗಿಯೇ ನಿಂತಿರುತ್ತದೆ. ಬರುವ ವಸಂತಕ್ಕೆ ಗೊತ್ತಾಗುತ್ತದೆ,” ಎಂದರು. ಬೈಯಲಿಲ್ಲ, ಇರಲಿ ಬಿಡಿ ಎಂದೂ ಅನ್ನಲಿಲ್ಲ. ಹತ್ತು ಗಂಟೆಯ ಕಾಫಿ ಮತ್ತೆ ಶುರುವಾಯಿತು, ಒಂದು ಬಿಸ್ಕತ್ತೂ ಇತ್ತು. ಆದರೆ ಮಾತು ಹವಾಮಾನ, ಮುಖಗವುಸು, ಮೊಣಕಾಲು ನೋವಿನಲ್ಲೇ ಸುತ್ತುತ್ತಿತ್ತು. ಗಿಡಗಳ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆಗಸ್ಟಿನಲ್ಲಿ ವಿಶೇಷ ವಿಮಾನದಲ್ಲಿ ಸೀಟು ಸಿಕ್ಕಿತು. ಊರಿಗೆ ಹೋದ ಮೇಲೆ ಪ್ರತಿ ಭಾನುವಾರ ಅಳಿಯ ಪೆಟ್ಟಿಗೆಯ ಫೋಟೋ ಕಳಿಸಬೇಕೆಂದು ಕರಾರಾಯಿತು. ಕಳಿಸದ ಭಾನುವಾರ ಮುರುಗೆಪ್ಪನವರೇ ಫೋನು ಮಾಡಿ, ಮಗಳನ್ನು ಹೇಗಿದ್ದೀ ಎನ್ನುವ ಮೊದಲು ಗಿಡ ಹೇಗಿದೆ ಎಂದು ಕೇಳುತ್ತಿದ್ದರು. ಉಳಿದ ಹೊತ್ತಿನಲ್ಲಿ ಬೇರು, ಬೂಷ್ಟು, ಪೈನು ಎಂದು ಸಿಕ್ಕಿದ್ದನ್ನೆಲ್ಲ ಓದಿದರು. ಪೈನೇ ಇಲ್ಲದ ವಿಜಯಪುರದಲ್ಲಿ ಪೈನ್ ಬೇರಿನ ಬಗ್ಗೆ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ.

2021ರ ಏಪ್ರಿಲ್. ಊರಲ್ಲಿ ಎರಡನೆಯ ಅಲೆ, ದಿನಕ್ಕೊಂದು ಸಾವಿನ ಸುದ್ದಿ. ಅಂಥದರಲ್ಲಿ ಒಂದು ಭಾನುವಾರ ಫೋಟೋ ಬಂತು. ಕೊಂಬೆಯ ತುದಿಗಳಲ್ಲಿ ಬೆರಳುದ್ದದ ಬೆಳ್ಳನೆಯ ಮೊಗ್ಗುಗಳು, ಸಾಲಾಗಿ ನಿಂತಿದ್ದವು. ಮುರುಗೆಪ್ಪನವರು ಫೋನನ್ನು ಕಾಶಮ್ಮನ ಮುಖದ ಹತ್ತಿರ ಹಿಡಿದು ತೋರಿಸಿದರು. ಆಕೆ ಕೈ ಮುಗಿದರು.

ಎರಡು ವರ್ಷ ಪೆಟ್ಟಿಗೆ ಅಲುಗಿಸಬಾರದು. ಮೂರನೆಯ ವಸಂತಕ್ಕೆ ಬಿಚ್ಚಿ ಬೇರು ನೋಡಿ ಕುಂಡಕ್ಕೆ ಇಡಬೇಕು. ಬಸಣ್ಣನ ಕೈ ಈಗ ನಡುಗುತ್ತಿತ್ತು. ಶಿವಪ್ರಸಾದ್ ನಾನು ಮಾಡಿಕೊಡುತ್ತೇನೆ ಎಂದಾಗ ಅವರು ಒಪ್ಪಲಿಲ್ಲವಂತೆ. “ತೊಳೆದವರೇ ಬಿಚ್ಚಲಿ,” ಎಂದರಂತೆ. ಆ ಮಾತು ಕೇಳಿದಾಗಿನಿಂದ ಅದು ಸಿಟ್ಟಿನದೋ ತಮಾಷೆಯದೋ ತಿಳಿಯದೆ ಮುರುಗೆಪ್ಪನವರು ಒದ್ದಾಡಿದರು. 2022ರ ಮಾರ್ಚಿನಲ್ಲಿ ಗಂಡ ಹೆಂಡತಿ ಮತ್ತೆ ಬಂದಿಳಿದರು.

ಅವತ್ತು ಬಸಣ್ಣನ ಹಿತ್ತಲಲ್ಲಿ ಎಳೆ ಬಿಸಿಲಿತ್ತು. ಬಸಣ್ಣ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಕಾಶಮ್ಮ ಬಾಗಿಲಲ್ಲಿ ನಿಂತು, “ಅರಿಷಿಣದ ಡಬ್ಬಿ ಅಡಿಗಿ ಮನ್ಯಾಗ ಕೀಲಿ ಹಾಕಿ ಇಟ್ಟೀನಿ ಅಂತ ಹೇಳ್ರಿ ಬಸಣ್ಣಗ,” ಎಂದರು. ಮುರುಗೆಪ್ಪನವರು ಇಂಗ್ಲಿಷಿನಲ್ಲಿ ಹೇಳಿದರು. ಬಸಣ್ಣ ತಲೆಯಾಡಿಸಿದರು, ನಗಲಿಲ್ಲ. ಅವರ ಕಣ್ಣು ಪೆಟ್ಟಿಗೆಯ ಮೇಲೇ ಇತ್ತು.

ಮುರುಗೆಪ್ಪನವರು ಚಪ್ಪಲಿ ಕಳಚಿ ನೆಲಕ್ಕೆ ಕೂತರು. ತಂತಿ ಕತ್ತರಿಸಿ, ಒಂದು ಬದಿಯ ಹಲಗೆಯ ಮೊಳೆ ಬಿಚ್ಚಿದರು. ಮೇಲಿನ ಹರಳು ಸರಸರನೆ ಉದುರಿತು. ಎರಡು ಬೆರಳಾಳದವರೆಗೂ ಕಂದು ಬೇರು, ಹರಳು, ಮತ್ತೇನೂ ಇಲ್ಲ. ಇನ್ನಷ್ಟು ಬಿಡಿಸ ಹೋದರೆ ಹರಳು ಉದುರದಾಯಿತು. ಏನೋ ಅದನ್ನು ಹಿಡಿದುಕೊಂಡಿತ್ತು. ಬಗ್ಗಿ ನೋಡಿದರು. ಪೆಟ್ಟಿಗೆಯ ಅಡಿಯ ತುಂಬ, ಮೂಲೆ ಮೂಲೆಗೂ, ಬಿಳಿ ನೂಲು. ಒಂದೊಂದು ಹರಳನ್ನೂ ಬೇರಿಗೆ ಹೆಣೆದು ಕಟ್ಟಿಹಾಕಿತ್ತು.

ಮುರುಗೆಪ್ಪನವರು ಆ ಗಡ್ಡೆಯಿಂದ ಹಿಡಿಯಷ್ಟು ಬಿಡಿಸಿಕೊಂಡು, ಎದ್ದು, ಬಸಣ್ಣನ ಅಂಗೈಯಲ್ಲಿಟ್ಟರು. ಬಸಣ್ಣ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಮಳೆ ಬಿದ್ದ ಮಣ್ಣಿನ ವಾಸನೆ ಮುರುಗೆಪ್ಪನವರವರೆಗೂ ಬಂತು. ಮುದುಕರ ಕಣ್ಣಂಚು ಒದ್ದೆಯಾಗಿತ್ತು. “ಹಳದಿ ಇಲ್ಲ,” ಎಂದರು. ಆಮೇಲೆ ಇಬ್ಬರೂ ನಕ್ಕರು, ಹೊಟ್ಟೆ ಹಿಡಿದುಕೊಳ್ಳುವಷ್ಟು.

ನಗು ನಿಂತ ಮೇಲೆ ಮುರುಗೆಪ್ಪನವರು ಮತ್ತೆ ನೆಲಕ್ಕೆ ಕೂತರು. “ಬಸಣ್ಣ, ಅವತ್ತು ಫೋನಿನಲ್ಲಿ ನೀವು ಏನೋ ಹೇಳಲು ಹೊರಟಿದ್ದಿರಿ. ನಾನು ಹೇಳಗೊಡಲಿಲ್ಲ. ಈಗ ಹೇಳಿ.”

ಬಸಣ್ಣ ಅವರನ್ನೇ ನೋಡಿದರು. ಶಾಲು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, “ಪೈನ್ ಗಿಡದ ಬೇರಿನ ಬಗ್ಗೆ ಒಂದು ಮಾತು,” ಎಂದು ಮೊದಲಿನಿಂದ ಶುರುಮಾಡಿದರು. ಮುಂದಿನದೆಲ್ಲ ಮುರುಗೆಪ್ಪನವರಿಗೆ ಬಾಯಿಪಾಠವಾಗಿತ್ತು. ಆದರೂ ಮಣ್ಣು ಮೆತ್ತಿದ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನಡುವೆ ಒಂದು ಸಲವೂ ಬಾಯಿ ಹಾಕದೆ, ಅವರು ಆ ಮಾತನ್ನು ಕೊನೆಯವರೆಗೂ ಕೇಳಿದರು.